ಮಾದರಿ ಸಂಖ್ಯೆ ಹದಿನೇಳು

“ಕೈಗೇನು ಲಕ್ವ ಒಡ್ದೈತಾ ನಿಂಗೆ? ಪುಡೀನ ಸರಿಯಾಗಿ ಉದುರ್ಸೇ, ಲೇ ಮರಿಯಮ್ಮಿ! ನಿಮ್ ಮೋರಿ ಗಬ್ಬು ಮೇನ್ ರೋಡ್‌ಗಂಟ ಬತ್ತಾ ಐತೆ. ವಿಧಾನಸೌಧದಿಂದ ಆಫೀಸರ್ ಬತ್ತಾವ್ರೆ ಕಣೇ, ನಿಮ್ ಮೂತಿ ನೋಡಕ್ಕಲ್ಲ!”

ಗೋಪಾಲಪ್ಪ ವಠಾರದ ಬಾಯಿಗೆ ನಿಂತು, ಮೂಗಿಗೆ ಟವೆಲ್ ಒತ್ತಿಕೊಂಡು ಬಯ್ಯುತ್ತಿದ್ದ. ಮರಿಯಮ್ಮ ಮೋರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಬ್ಲೀಚಿಂಗ್ ಪುಡಿ ಉದುರಿಸುತ್ತಿದ್ದಳು. ಪುಡಿ ಬೆರಳಿನ ಬಿರುಕಿಗೆ ಇಳಿದು ಭಗ್ಗನೆ ಉರಿಯುತ್ತಿತ್ತು. ಈ ಕೆಲಸಕ್ಕೆ ಕೂಲಿ ಗೀಲಿ ಏನೂ ಇಲ್ಲ. ವಠಾರದಲ್ಲಿ ಇರುವವರು ಮಾಡಬೇಕು, ಅಷ್ಟೆ. ನಲವತ್ತು ಮನೆಯಲ್ಲಿ ಎಂಬತ್ತು ಜೊತೆ ಕೈ ಇದ್ದರೂ ಮೋರಿ ಅಂದ ಕೂಡಲೇ ಅವಳ ಬಾಗಿಲಿಗೇ ಬಂದು ಕೂಗುತ್ತಾರೆ. ಯಾಕೆ ಅವಳೇ ಅಂತ ಯಾರೂ ಕೇಳುವುದಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತು.

ಪೀಣ್ಯದ ಹಿಂಬದಿಯ ಈ ಜಾಗ ಊರಾಗಿದ್ದ ಕಾಲಕ್ಕೆ ಗೋಪಾಲಪ್ಪನ ಮನೆತನದ ರಾಗಿ ಹೊಲ. ಈಗ ಅದೇ ಹೊಲದಲ್ಲಿ ಶೀಟು ಹೊದಿಸಿದ ನಲವತ್ತು ಬಾಡಿಗೆ ಮನೆ, ಬೆನ್ನಿಗೆ ಆರು ಕಾರ್ಖಾನೆ ಶೆಡ್ಡು, ಮೂಲೆಯಲ್ಲಿ ನೀರು ಶುದ್ಧ ಮಾಡಿ ಕ್ಯಾನಿಗೆ ತುಂಬಿ ಮಾರುವ ಪ್ಲಾಂಟು. ಎಲ್ಲವೂ ಅವನದೇ. ಮನೆಗಳ ನಡುವೆ ಒಂದು ಬೋರ್‌ವೆಲ್ಲು, ಅದರ ಮೇಲೆ ಕಪ್ಪು ತೊಟ್ಟಿ, ಕೆಳಗೆ ಒಂದು ನಲ್ಲಿ.

ಆ ನಲ್ಲಿಯ ನೀರಿನ ಕಥೆ ಕೇಳಿ. ಬೆಳಿಗ್ಗೆ ಮೊದಲು ಬಂದ ಹೆಂಗಸು ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ, ವಠಾರಕ್ಕೆಲ್ಲ ಕೇಳುವಂತೆ ಕೂಗಬೇಕು. “ಇವತ್ತು ಚುರುಕು” ಅಂದರೆ ನಾಲಗೆ ಸುಡುತ್ತೆ, ಬಟ್ಟೆ ಒಗೆಯೋಕೆ ಮಾತ್ರ. “ಇವತ್ತು ಪರ್ವಾಗಿಲ್ಲ” ಅಂದರೆ ಪಾತ್ರೆ ತೊಳೆಯಬಹುದು, ಮೈಗೂ ಹಾಕಿಕೊಳ್ಳಬಹುದು. ಕುಡಿಯೋ ಮಾತಂತೂ ಯಾವತ್ತೂ ಇಲ್ಲ. ಕುಡಿಯೋಕೆ ವಾರಕ್ಕೆ ಮೂರು ದಿನ ಸರ್ಕಾರದ ಟ್ಯಾಂಕರ್ ಬರುತ್ತಿತ್ತು. ಅದು ಸಾಲದೇ ಹೋದರೆ ಗೋಪಾಲಪ್ಪನ ಪ್ಲಾಂಟಿನ ಕ್ಯಾನು. ಬೋರಿನ ನೀರಿಗೆ ಆ ಬಣ್ಣ, ಆ ಚುರುಕು ಎಲ್ಲಿಂದ ಬಂತು ಅಂತ ಮರಿಯಮ್ಮನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಏರಿಸುವ ತೊಟ್ಟಿಗಳನ್ನು ತೊಳೆದು, ಆ ನೀರನ್ನು ಪೊರಕೆಯಲ್ಲಿ ತಳ್ಳಿಕೊಂಡು ಹೋಗಿ, ಬತ್ತಿಹೋದ ಹಳೇ ಬೋರಿನ ತೂತಿಗೆ ಇಳಿಸುವವಳು ಅವಳೇ. ಹನ್ನೊಂದು ವರ್ಷದಿಂದ ಅವಳ ಅನ್ನ ಅದು.

ಹನ್ನೊಂದು ಗಂಟೆಗೆ ಕಾರು ಬಂತು. ಆಫೀಸರ್ ಅಂದರೆ ಹೊಟ್ಟೆ ಬಿಟ್ಟವನು ಯಾರೋ ಬರುತ್ತಾನೆ ಅಂದುಕೊಂಡಿದ್ದಳು. ಬಂದವನು ಮೂವತ್ತರ ಆಸುಪಾಸಿನ ತೆಳ್ಳಗಿನ ಹುಡುಗ, ಶಿವಶಂಕರ್ ಅಂತ ಹೆಸರು. ಕಾರ್ಖಾನೆ ಇರುವ ಕಡೆ ನೆಲದೊಳಗಿನ ನೀರು ಹೇಗಿದೆ, ಅದಕ್ಕೆ ಎಂಥ ಕಾಯಿದೆ ಬೇಕು ಅಂತ ಶಾಸಕರ ಸಮಿತಿಯೊಂದು ಸದನಕ್ಕೆ ವರದಿ ಕೊಡಬೇಕಿತ್ತು. ಆ ಸಮಿತಿಗೋಸ್ಕರ ಊರೂರು ತಿರುಗಿ ಮಾಹಿತಿ ಕೂಡಿಹಾಕುವ ನೌಕರ ಇವನು. ಖಾಲಿ ಬಾಟ್ಲಿ ಹಿಡಿದು ಕಾರಿನಿಂದ ಒಂದು ಕಾಲು ಇಳಿಸಿದ. ಮೋರಿ ನೋಡಿದ, ತನ್ನ ಶೂ ನೋಡಿದ, ಕಾಲು ಒಳಗೆಳೆದುಕೊಂಡ.

“ಬ್ಯಾಡಿ ಸಾ, ಒಳೀಕ್ ಬರ್ಲೇಬ್ಯಾಡಿ. ಗಲೀಜು ಜನ,” ಅಂದ ಗೋಪಾಲಪ್ಪ. “ಬಾಟ್ಲಿ ಅಲ್ಲೇ ನೆಲದ್ ಮ್ಯಾಲಿಡಿ, ಇವ್ಳು ಎತ್ಕೊಂಡೋಗಿ ತುಂಬ್ಕೊಂಡ್ ಬತ್ತಾಳೆ.”

ಶಿವಶಂಕರ್ ನೆಲದ ಮೇಲಿಡಲಿಲ್ಲ. ಕಿಟಕಿಯಿಂದ ಕೈ ಚಾಚಿ ಬಾಟ್ಲಿಯನ್ನು ಅವಳ ಕೈಗೇ ಕೊಟ್ಟ.

“ಅಮ್ಮಾ, ನಿಮ್ಮ ಹೆಸರೇನು?”

“ಮರಿಯಮ್ಮಿ, ಸಾ.”

“ಮರಿಯಮ್ಮ ಅಂತ ಬರ್ಕೋತೀನಿ. ನಿಮಗೆ ತೊಂದ್ರೆ ಇಲ್ಲ ಅಂದ್ರೆ, ಬೋರ್‌ವೆಲ್ ನಲ್ಲಿಯಿಂದ ಇದರ ತುಂಬ ನೀರು ತಂದ್ಕೊಡ್ತೀರಾ?”

ನಿಮಗೆ ತೊಂದ್ರೆ ಇಲ್ಲ ಅಂದ್ರೆ! ಐವತ್ತೆರಡು ವರ್ಷ ಬದುಕಿದ್ದಾಳೆ ಮರಿಯಮ್ಮ, ಆ ಮಾತನ್ನು ಅವಳಿಗೆ ಯಾರು ಅಂದಿದ್ದಾರೆ? ಕಟ್ಟಿಕೊಂಡ ಗಂಡ ಸಾಯುವ ತನಕ ಅಂದಿರಲಿಲ್ಲ.

“ಇದ್ನ ಏನ್ ಮಾಡ್ತೀರ ಸಾ?”

“ಹೆಂಗಿದೆ ಅಂತ ಟೆಸ್ಟ್ ಮಾಡಿ ನೋಡ್ತೀವಿ ಅಮ್ಮ.”

ನಲ್ಲಿ ತಿರುಗಿಸಿದಳು. ಅವತ್ತು ಬೆಳಿಗ್ಗೆಯೇ ಚುರುಕು ಅಂತ ಕೂಗಿಯಾಗಿತ್ತು. ಅರಿಶಿನ ಕದಡಿದಂಥ ನೀರು ಬುಸುಬುಸು ಬಂತು. ಬಾಟ್ಲಿಯ ಬಾಯಿ ಹಿಡಿಯೋಕೆ ಅವಳ ಕೈ ಮುಂದೆ ಹೋಗಲೇ ಇಲ್ಲ. ನೀರು ನೋಡೋದು ಅಂದರೆ ನಾಲಗೆಗೆ ಹಾಕಿ ನೋಡೋದು. ವಠಾರದಲ್ಲಿ ಬೇರೆ ಥರ ಯಾರು ನೋಡಿದ್ದಾರೆ? ಅಯ್ಯೋ, ಯಾರೋ ಹೆತ್ತ ಮಗ, ಈ ವಿಷಾನ ಬಾಯಿಗೆ ಹಾಕ್ಕೊಂಡು ಎಲ್ಲಾದರೂ ಬಿದ್ದುಗಿದ್ದರೆ? ಅಮ್ಮಾ ಅಂದವನಿಗೆ ಇದನ್ನ ಕೊಡೋದಾ?

ಸೀದಾ ತನ್ನ ಮನೆಗೆ ಹೋದಳು. ಮೂಲೆಯಲ್ಲಿ ಅರ್ಧ ಕ್ಯಾನು ನೀರಿತ್ತು. ಅದರಲ್ಲೇ ಬಾಟ್ಲಿಯನ್ನು ಎರಡು ಸಲ ಗಲಬರಿಸಿ, ಕಂಠದವರೆಗೆ ತುಂಬಿ, ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು. ಅವಳು ನಲ್ಲಿ ಬಿಟ್ಟು ಮನೆಯೊಳಗೆ ಹೋಗಿದ್ದನ್ನು, ಹೊರಗೆ ಬಂದಿದ್ದನ್ನು ಗೋಪಾಲಪ್ಪ ಅಲ್ಲೇ ನಿಂತು ನೋಡುತ್ತಿದ್ದ. ಬಾಯಿ ತೆಗೆದರೆ ಬೈಗುಳವೇ ಬರುವ ಆಸಾಮಿ ಅವತ್ತು ತುಟಿ ಪಿಟಕ್ ಅನ್ನಲಿಲ್ಲ.

ಬಾಟ್ಲಿಗೆ ಚೀಟಿ ಅಂಟಿತು. ಮಾದರಿ ಸಂಖ್ಯೆ ಹದಿನೇಳು. ಮರಿಯಮ್ಮ ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರ ನೆನಪು ಮಾಡಿಕೊಂಡು, ಹಾಳೆಯ ಮೇಲೆ ತನ್ನ ಹೆಸರು ಬರೆದಳು. ಅದರ ಕೆಳಗೆ ಶಿವಶಂಕರ್ ಸರ್ರನೆ ಒಂದು ಸಹಿ ಎಳೆದ. “ತುಂಬಾ ಉಪಕಾರ ಆಯ್ತಮ್ಮಾ,” ಅಂದ. ಅವತ್ತು ಸಂಜೆವರೆಗೂ ಮರಿಯಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

*

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಟ್ಯಾಂಕರ್ ಬರಲಿಲ್ಲ. ಬುಧವಾರವೂ ಇಲ್ಲ. ಶುಕ್ರವಾರ ಹನ್ನೆರಡು ಹೆಂಗಸರು ಸೇರಿ ವಾರ್ಡ್ ಆಫೀಸಿಗೆ ಹೋದರು. ಪಕ್ಕದ ಮನೆ ಶ್ಯಾಮಲಾ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ, ವರ್ಷದ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದಿದ್ದಳು. ಮಗುವಿನ ತೊಡೆ, ಕತ್ತಿನ ಸಂದಿ ಎಲ್ಲ ಗುಳ್ಳೆ ಎದ್ದು ನೀರು ಸುರಿಯುತ್ತಿತ್ತು.

“ಏನ್ರಮ್ಮಾ ನಿಮ್ ಗಲಾಟೆ?” ಇಂಜಿನಿಯರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. “ನಿಮ್ ಬೋರ್ ನೀರು ಎಳನೀರು ಇದ್ದಂಗಿದೆ ಅಂತ ಮೇಲಿಂದ ಬಂದಿದೆ. ಕುಡಿಯೋಕೆ ಯೋಗ್ಯ. ನೀರು ಚೆನ್ನಾಗಿರೋ ಕಡೆ ಟ್ಯಾಂಕರ್ ಯಾಕೆ ಕಳಿಸ್ಬೇಕು? ಬಿಟ್ಟಿ ಸಿಗುತ್ತೆ ಅಂದ್ರೆ ಫಿನಾಯಿಲ್ ಬೇಕಾದ್ರೂ ಕುಡಿಯೋ ಜನ ನೀವು.”

“ಯಾವ್ ಬಡ್ಡಿಮಗ ಏಳಿದ್ದು ಚೆನ್ನಾಗೈತೆ ಅಂತ?” ಅಂದಳು ಶ್ಯಾಮಲಾ. “ಈ ಮಗೀನ್ ತೊಡೆ ನೋಡ್ ಸಾ, ಎಳನೀರಿಗೆ ಇಂಗಾಯ್ತದಾ?”

“ಬಾಯಿ ಬಿಗಿ ಹಿಡಿದು ಮಾತಾಡು. ಶಾಸಕರ ಸಮಿತಿ ಹೇಳಿರೋದು. ನಿಮ್ಮವರೇ ಕೈಯಾರೆ ತುಂಬಿ ಕೊಟ್ಟಿರೋ ನೀರು.” ಮೇಜಿನ ಮೇಲಿದ್ದ ಪತ್ರದ ಮೇಲೆ ಬೆರಳು ಓಡಿಸಿದ. “ಇಲ್ಲಿದೆ. ಹದಿನೇಳು. ಕೊಟ್ಟವರು ಮರಿಯಮ್ಮ.”

ಹನ್ನೊಂದು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ಮರಿಯಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಕೂಡಲೇ ಇದ್ದದ್ದನ್ನು ಇದ್ದ ಹಾಗೆ ಅಲ್ಲೇ ಹೇಳಿದಳು. ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ದಾರಿಯುದ್ದಕ್ಕೂ ಯಾರೂ ಅವಳ ಜೊತೆ ಮಾತಾಡಲಿಲ್ಲ. ವಠಾರದ ಬಾಗಿಲಲ್ಲಿ ಶ್ಯಾಮಲಾ ನಿಂತುಬಿಟ್ಟಳು.

“ಯಾವನೋ ಅಮ್ಮಾ ಅಂದ ಅಂತ ನಮ್ ಬಾಯಿಗೆಲ್ಲ ಮಣ್ಣಾಕ್ಬುಟ್ಯಲ್ಲಕ್ಕಾ! ಅಂಗೆ ಕರುಣೆ ಉಕ್ಕಿದ್ರೆ ಈ ಮಗೀಗ್ ಉಕ್ಬೇಕಿತ್ತು ನಿಂಗೆ. ನಿನ್ ಮನೆ ಆಳಾಗ.”

ಶ್ಯಾಮಲಾಳನ್ನು ಮರಿಯಮ್ಮ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡವಳು, ಬಾಣಂತನ ಮಾಡಿದವಳು. ತಲೆ ತಗ್ಗಿಸಿ ಒಳಗೆ ಹೋದಳು.

ಗೋಪಾಲಪ್ಪನ ಪ್ಲಾಂಟಿನ ಮುಂದೆ ಕ್ಯಾನು ಹಿಡಿದವರ ಸಾಲು ಎರಡರಷ್ಟಾಯಿತು. ಕ್ಯಾನಿಗೆ ಕಾಸು ಕೊಡಲಾಗದವರು ಬೋರಿನ ನೀರನ್ನೇ ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿದರು. ಕುದಿಸಿದರೆ ಬಣ್ಣ ಇನ್ನೂ ಗಾಢ ಆಗುತ್ತಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಮರಿಯಮ್ಮ ಬಂದರೆ ಉಳಿದವರು ಬಿಂದಿಗೆ ಎತ್ತಿಕೊಂಡು ಹೋಗುತ್ತಿದ್ದರು. ಅವಳು ‘ಚುರುಕು’ ಅಂತ ಕೂಗಿದರೆ ಓ ಅನ್ನುವವರಿಲ್ಲ.

*

ಶೆಡ್ಡಿಗೆ ರಜೆ ಹೇಳಿ, ಕೂಲ್‌ಡ್ರಿಂಕ್ಸ್ ಬಾಟ್ಲಿಯ ತುಂಬ ಬೋರಿನ ನೀರು ಹಿಡಿದುಕೊಂಡು, ಎರಡು ಬಸ್ಸು ಬದಲಿಸಿ ಮರಿಯಮ್ಮ ಸಮಿತಿಯ ಆಫೀಸು ಹುಡುಕಿಕೊಂಡು ಹೋದಳು. ಗೇಟಿನಲ್ಲಿ ಸೆಕ್ಯೂರಿಟಿಯವನು ಚೀಲಕ್ಕೆ ಕೈ ಹಾಕಿ ಬಾಟ್ಲಿ ತೆಗೆದು ಹಿಂದಕ್ಕೆ ಹಾರಿದ.

“ಏನಿದು? ಪೆಟ್ರೋಲಾ? ಇಲ್ಲಿ ಬೆಂಕಿಗಿಂಕಿ ಹಚ್ಕೊಳೋಕೆ ಬಂದಿದೀಯಾ?”

“ನೀರು ಸಾ. ನಾವ್ ಮೈ ತೊಳ್ಕೊಳೋ ನೀರು.”

“ಯಾರಿಗೆ ಕಿವಿ ಮೇಲೆ ಹೂ ಇಡ್ತೀಯ? ಈ ಬಣ್ಣದ್ ನೀರು ನಾನು ನೋಡೇ ಇಲ್ಲ.” ಅವನು ಅದನ್ನು ಗೇಟಿನ ಪಕ್ಕದ ಹೂವಿನ ಪಾತಿಗೆ ಸುರಿದು, ಖಾಲಿ ಬಾಟ್ಲಿಯನ್ನು ಕಸಕ್ಕೆ ಎಸೆದ. ಆಮೇಲೆ ಮೂರು ಗಂಟೆ ಬಿಸಿಲಲ್ಲಿ ಕೂರಿಸಿ ಒಳಗೆ ಬಿಟ್ಟ.

ಶಿವಶಂಕರ್‌ಗೆ ಅವಳ ಗುರುತು ಸಿಕ್ಕಲಿಲ್ಲ. “ಹದಿನೇಳು, ಸಾ” ಅಂದ ಮೇಲೆ ಸಿಕ್ಕಿತು. ಗಾಬರಿಯಾಗಿ ಆ ಕಡೆ ಈ ಕಡೆ ನೋಡಿ, ಮೆಟ್ಟಿಲ ಕೆಳಗಿನ ಮೂಲೆಗೆ ಕರೆದುಕೊಂಡು ಹೋದ.

“ಆ ನೀರು ಬೋರಿಂದಲ್ಲ ಸಾ. ಕ್ಯಾನ್ ನೀರು.”

“ಯಾಕಮ್ಮಾ ಹಂಗೆ ಮಾಡಿದ್ರಿ?”

“ನೀವ್ ಕುಡ್ದು ನೋಡ್ತೀರಿ ಅನ್ಕೊಂಡೆ.”

ಅವನು ಮೆಟ್ಟಿಲಿಗೆ ಒರಗಿದ. ಮೆತ್ತಗೆ ಹೇಳತೊಡಗಿದ. ನಲವತ್ತೆರಡು ಕಡೆ ನೀರು ಹಿಡಿದಿದ್ದನಂತೆ. ನಲವತ್ತೊಂದು ಕೆಟ್ಟ ನೀರು ಅಂತ ಲ್ಯಾಬಿನಿಂದ ಬಂತಂತೆ. ಎಲ್ಲವನ್ನೂ ಪಟ್ಟಿ ಮಾಡಿ ಸಮಿತಿಯ ಅಧ್ಯಕ್ಷರ ಮುಂದಿಟ್ಟನಂತೆ. “ಅವರು ಪಟ್ಟಿ ನೋಡಿ, ಈ ನಲವತ್ತೊಂದು ಹಳೇ ಪುರಾಣ ಕಣಯ್ಯಾ, ಪೇಪರ್‌ನೋರು ಹತ್ತು ವರ್ಷದಿಂದ ಬರೀತಿದಾರೆ, ಇದನ್ನ ಸದನದಲ್ಲಿಟ್ರೆ ಕಾರ್ಖಾನೆಯೋರೆಲ್ಲ ನನ್ನ ಮನೆ ಮುಂದೆ ಬಂದು ಕೂರ್ತಾರೆ ಅಂದ್ರು. ಚೆನ್ನಾಗಿರೋದು ಯಾವುದಾದ್ರೂ ಇದ್ರೆ ಅದನ್ನ ಮುಂದೆ ತಗೊಂಡು ಬಾ ಅಂದ್ರು. ಇದ್ದಿದ್ದು ಅದೊಂದೇ. ಹದಿನೇಳು.”

“ಮಿಕ್ಕ ನಲವತ್ತೊಂದು?”

“ವರದಿ ಕೊನೇಲಿದೆ, ಸಣ್ಣ ಅಕ್ಷರದಲ್ಲಿ. ಹೆಚ್ಚಿನ ಅಧ್ಯಯನ ಅಗತ್ಯ ಅಂತ ಬರ್ದಿದೀನಿ. ನಿಮ್ಮ ನೀರಿಗೆ ಮಾತ್ರ ಒಂದಿಡೀ ಪುಟ. ಕಾರ್ಖಾನೆಗಳ ಮಧ್ಯದಲ್ಲೂ ನೆಲದ ನೀರು ಶುದ್ಧವಾಗಿರಬಹುದು ಅನ್ನೋದಕ್ಕೆ ಸಾಕ್ಷಿ ಅಂತ. ನಿಮ್ಮ ಹೆಸರು ಮೂರು ಕಡೆ ಬಂದಿದೆ.”

“ನಂಗ್ ತೋರ್ಸಿ.”

ಅವನು ತರಲೋ ಬೇಡವೋ ಅಂತ ನಿಂತು, ಕೊನೆಗೆ ಹೋಗಿ ಫೈಲು ತಂದ. ಹೊಲಿಗೆ ಹಾಕಿದ ದಪ್ಪ ಫೈಲು. ಮರಿಯಮ್ಮ ತನ್ನ ಹೆಸರಿನ ಹಾಳೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ಕೊನೆಯ ಸಾಲಿಗೆ ಬಂದು ತಡವರಿಸಿದಳು. “ನನ್ನ ಸ… ಸಮಕ್ಷಮದಲ್ಲಿ ಕೊಳವೆಬಾವಿಯಿಂದ ಸಂಗ್ರಹಿಸಲಾಗಿದೆ. ಸಮಕ್ಷಮ ಅಂದ್ರೇನು ಸಾ?”

“ನನ್ನ ಕಣ್ಣೆದುರಿಗೆ ಅಂತ.”

“ನೀವು ಕಾರೊಳಗಿದ್ರಿ.”

ಶಿವಶಂಕರ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ತಪ್ಪು ಮಾಡಿ ಸಿಕ್ಕಿಬಿದ್ದ ಸ್ಕೂಲು ಹುಡುಗನ ಮುಖ ಅದು. ಅದನ್ನು ನೋಡಿ ಅವಳಿಗೆ ಇನ್ನೂ ಕರುಳು ಚುರ್ ಅಂತು. ಹಾಳಾದ ಕರುಳು, ಅದಕ್ಕೆ ಬುದ್ಧಿ ಬರೋದೇ ಇಲ್ಲ.

“ನನ್ನೆಸ್ರು ಒಡೆದಾಕ್ಬುಡಿ ಸಾ. ಕಾಲಿಗ್ ಬೀಳ್ತೀನಿ. ಇನ್ನೊಂದ್ ಕಿತ ಬಂದು ನೀರು ಇಡ್ಕೊಂಡೋಗಿ.”

“ಆಗಲ್ಲಮ್ಮಾ. ಹಾಳೆ ಹಾಳೆಗೂ ನಂಬರ್ ಬಿದ್ದಿದೆ. ಇನ್ನೊಂದು ಸಲ ಹಿಡೀಬೇಕು ಅಂದ್ರೆ ಮೊದಲನೇ ಸಲ ನಾನು ಸುಳ್ಳು ಸಹಿ ಹಾಕ್ದೆ ಅಂತಾಗುತ್ತೆ. ಮುಂದಿನ ತಿಂಗಳು ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ನಾನೇನು ಪರ್ಮನೆಂಟ್ ಅಲ್ಲ.”

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಬ್ಬರು ಮೇಡಂ ಬಗ್ಗಿ ನೋಡಿ ಮೂಗು ಮುರಿದರು. “ಶಿವಶಂಕರ್, ಯಾರ್ರೀ ಅದು? ಫೈಲ್ ಇಟ್ಕೊಂಡು ಕೆಲಸದವಳ ಹತ್ರ ಏನ್ರೀ ಮಾತು? ಏನೋ ಆ್ಯಸಿಡ್ ವಾಸ್ನೆ ಬೇರೆ.”

“ಏನಿಲ್ಲ ಮೇಡಂ, ಟಾಯ್ಲೆಟ್ ಕ್ಲೀನಿಂಗ್‌ನೋರು,” ಅಂದ ಶಿವಶಂಕರ್.

ಮೇಡಂ ಹೋದ ಮೇಲೆ ಅವಳ ಮುಖ ನೋಡದೆ, ಗೋಡೆಗೆ ಹೇಳುವವನ ಹಾಗೆ ಹೇಳಿದ. “ಬರೋ ಗುರುವಾರ ಸಮಿತಿಯೋರೇ ನಿಮ್ಮಲ್ಲಿಗೆ ಬರ್ತಾರೆ. ಹದಿನೇಳನ್ನ ಕಣ್ಣಾರೆ ನೋಡ್ಬೇಕಂತೆ, ಫೋಟೋ ಬೇಕಂತೆ. ಅಧ್ಯಕ್ಷರ ಎದುರಿಗೇ ನಲ್ಲಿ ತಿರುಗಿಸಿ ತೋರ್ಸಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ.”

*

ಬುಧವಾರ ಸಂಜೆ ಗೋಪಾಲಪ್ಪ ಅವಳ ಬಾಗಿಲಿಗೆ ಬಂದ. ಹೊಸ್ತಿಲು ದಾಟಲಿಲ್ಲ. ಯಾವತ್ತೂ ದಾಟಿದವನಲ್ಲ.

“ಏನಮ್ಮಿ, ಆಫೀಸ್ ಗೀಫೀಸ್ ಅಂತ ಸುತ್ತಾಡ್ತಾ ಇದೀಯಂತೆ?”

“ನೀವೂ ಅವತ್ತು ನೋಡಿದ್ರಿ ಗೌಡ್ರೇ. ನಾನು ಮನೆ ಒಳಗಿಂದ ತಂದಿದ್ದು. ನಾಳೆ ಒಂದ್ ಮಾತು ಏಳಿ, ಮಕ್ಳುಮರಿ ಉಳ್ಕೊತವೆ.”

“ನೋಡ್ದೆ. ನೋಡಿದ್ದುನ್ನೆಲ್ಲ ಏಳಕ್ಕೆ ನಾನೇನ್ ಟೀವೀನಾ?” ಗೋಪಾಲಪ್ಪ ಅವಳ ಬಾಗಿಲ ಪಕ್ಕಕ್ಕೇ ಎಲೆಅಡಿಕೆ ಉಗುಳಿದ. “ಕೇಳಿಸ್ಕೋ. ನಿಂಗ್ ಮನೆ ಬಾಡಿಗೆಗ್ ಕೊಡಬ್ಯಾಡ ಅಂತ ನಮ್ಮನೆ ಎಂಗಸ್ರು ಬಡ್ಕೊಂಡ್ರು. ನಿಮ್ ಜಾತಿಯೋರ್ನ ಎಂಗಪ್ಪಾ ಇಟ್ಕೊಳೋದು ಅಂದ್ರು. ನಾನು ದೊಡ್ ಮನಸ್ ಮಾಡಿ ಕೊಟ್ಟೆ. ನಾಳೆ ಬಾಯ್ ಬಿಟ್ಯೋ, ನಿನ್ ಗಂಟುಮೂಟೆ ಇದೇ ಮೋರೀಲಿ ತೇಲ್ತಿರ್ತದೆ. ಆಮ್ಯಾಕೆ ಯಾವ್ ಲೌಡಿ ಬಂದು ನಿಂಗ್ ಸೂರು ಕೊಡ್ತಾಳೋ ನೋಡ್ಕಂತೀನಿ.”

ಮರಿಯಮ್ಮ ತಲೆ ತಗ್ಗಿಸಿ ನಿಂತಿದ್ದಳು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು.

ಗುರುವಾರ ಬೆಳಿಗ್ಗೆ ಏಳಕ್ಕೆ ಗೋಪಾಲಪ್ಪನ ಪ್ಲಾಂಟಿನ ಟ್ಯಾಂಕರ್ ವಠಾರದೊಳಗೆ ಬಂತು. ಕೊಳವೆ ಏರಿಸಿ ಸಾವಿರ ಲೀಟರ್ ಒಳ್ಳೇ ನೀರನ್ನು ಬೋರಿನ ತೊಟ್ಟಿಗೆ ತುಂಬಿಸಿದರು. ನಲ್ಲಿಯ ಕಟ್ಟೆಗೆ ಸುಣ್ಣ ಬಳಿದರು. “ಅವ್ರು ಬಂದೋಗೋಗಂಟ ಯಾವಳಾದ್ರೂ ನಲ್ಲಿ ಮುಟ್ಟುದ್ರೆ ಕೈ ಕಡ್ದಾಕ್ತೀನಿ” ಅಂತ ಕೂಗಿ, ಗೋಪಾಲಪ್ಪ ಹಾರ, ಶಾಲು ತೆಗೆದುಕೊಂಡು ಮೇನ್ ರೋಡಿಗೆ ಹೋಗಿ ನಿಂತ. ಬಂದವರನ್ನು ಕರೆತರಬೇಕಲ್ಲ.

ಮರಿಯಮ್ಮ ನಲ್ಲಿಯ ಹತ್ತಿರ ಹೋಗಿ ಸ್ವಲ್ಪ ತಿರುಗಿಸಿ, ಬೆರಳದ್ದಿ ನಾಲಗೆಗಿಟ್ಟುಕೊಂಡಳು. ಸಿಹಿ. ಮುಗಿಯಿತು ಅಂದುಕೊಂಡಳು. ಅಧ್ಯಕ್ಷರಲ್ಲ, ಅವರಪ್ಪ ಬಂದು ತಿರುಗಿಸಿದರೂ ಇದೇ ನೀರು ಬರೋದು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಕೂತವಳ ಕಣ್ಣು ಮೇಲಿದ್ದ ತೊಟ್ಟಿಗೆ ಹೋಯಿತು, ತೊಟ್ಟಿಯಿಂದ ಮೋಟರಿನ ಡಬ್ಬಿಗೆ ಇಳಿದಿದ್ದ ವೈರಿಗೆ ಹೋಯಿತು. ಹೋದ ವರ್ಷ ಗೋಪಾಲಪ್ಪನೇ ಹಾಕಿಸಿದ್ದು. ತೊಟ್ಟಿಯಲ್ಲಿ ನೀರು ತಳಕ್ಕಿಳಿದರೆ ಬೋರಿನ ಮೋಟರು ತನ್ನಷ್ಟಕ್ಕೆ ತಾನೇ ಶುರುವಾಗುತ್ತೆ.

ಥಟ್ಟನೆ ಎದ್ದಳು. ಎದ್ದು, ಎದೆ ಬಿರಿಯುವಂತೆ ಕೂಗಿದಳು.

“ಕುಡಿಯೋ ನೀರು ಕಣ್ರೇ! ಬರ್ರೇ! ನಲ್ಲೀಲಿ ಕುಡಿಯೋ ನೀರು ಬತ್ತಾ ಐತೆ!”

ಆ ವಠಾರದಲ್ಲಿ ಆ ಕೂಗು ಯಾರೂ ಕೇಳಿದ್ದಿಲ್ಲ. ಒಂದೊಂದೇ ಬಾಗಿಲು ತೆರೆಯಿತು. ಒಬ್ಬಳು ಬಂದು ನೆಕ್ಕಿ ನೋಡಿ “ಅವ್ವಯ್ಯಾ!” ಅಂದಳು. ಅಷ್ಟೆ. ಬಿಂದಿಗೆ, ಡ್ರಮ್ಮು, ಬಕೆಟ್ಟು, ಕುಕ್ಕರು, ಮಗುವಿನ ಸ್ನಾನದ ಟಬ್ಬು, ಊಟದ ಡಬ್ಬಿ, ಕೈಗೆ ಸಿಕ್ಕಿದ್ದೆಲ್ಲ ಬಂತು. ಗೋಪಾಲಪ್ಪ ಬೈತಾನೆ ಅಂತ ಒಬ್ಬಳು, ಬೈಯ್ಲಿ ಬಿಡೇ ಅಂತ ಹತ್ತು ಜನ. ಶ್ಯಾಮಲಾ ಬಾಗಿಲಲ್ಲೇ ನಿಂತಿದ್ದಳು.

“ನನ್ ಮುಖ ನೋಡ್ಬ್ಯಾಡ ಕಣವ್ವಾ, ನೀರ್ ನೋಡು,” ಅಂದಳು ಮರಿಯಮ್ಮ. “ಮಗೀಗ್ ಇಡ್ಕೋ.”

ಶ್ಯಾಮಲಾ ಎರಡು ಬಿಂದಿಗೆ ತಂದಿಟ್ಟಳು. ನಲ್ಲಿ ನಿಲ್ಲಲೇ ಇಲ್ಲ. ಪಾತ್ರೆ ತುಂಬಿದ ಮೇಲೂ ಮರಿಯಮ್ಮ ನಲ್ಲಿ ಮುಚ್ಚಲು ಬಿಡಲಿಲ್ಲ. ಯಾಕಕ್ಕಾ ಚೆಲ್ತೀಯ ಅಂತ ಶ್ಯಾಮಲಾ ಅರಚಿದಳು. ಅಷ್ಟರಲ್ಲಿ ಡಬ್ಬಿಯಲ್ಲಿ ಟಕ್ ಅಂತು, ಮೋಟರು ಗುಂಯ್ಯೆಂದು ಶುರುವಾಯಿತು. ನೀರಿನ ಬಣ್ಣ ತಿರುಗಿತು. ಶ್ಯಾಮಲಾ ನೀರು ನೋಡಿದಳು, ಮರಿಯಮ್ಮನ ಮುಖ ನೋಡಿದಳು, ತಾನೇ ಕೈ ಚಾಚಿ ನಲ್ಲಿಯನ್ನು ಗಟ್ಟಿಯಾಗಿ ಮುಚ್ಚಿದಳು.

*

ನಾಲ್ಕು ಕಾರು, ಒಂದು ಪೊಲೀಸ್ ಜೀಪು ಬಂದವು. ಈ ಸಲ ಮೋರಿಯ ಮೇಲೆ ಹಲಗೆ ಹಾಕಿಸಿದ್ದರು. ಅಧ್ಯಕ್ಷರು ಹಾರ ಹಾಕಿಕೊಂಡೇ ಒಳಗೆ ಬಂದರು. ಹಿಂದೆ ಇಬ್ಬರು ಶಾಸಕರು, ಕ್ಯಾಮೆರಾದವನು, ಫೈಲು ಎದೆಗವಚಿಕೊಂಡ ಶಿವಶಂಕರ್.

“ತಮ್ ಅಮೃತ ಅಸ್ತದಿಂದ್ಲೇ ತಿರುಗ್ಸಿ ಬುದ್ಧೀ,” ಅಂತ ಗೋಪಾಲಪ್ಪ ನಡು ಬಗ್ಗಿಸಿದ. ಅಧ್ಯಕ್ಷರು ಕ್ಯಾಮೆರಾ ಕಡೆ ನಗುತ್ತಾ ಬೊಗಸೆ ಒಡ್ಡಿ ನಲ್ಲಿ ತಿರುಗಿಸಿದರು. ಹಳದಿ ನೀರು ಬಡಬಡನೆ ಸುರಿದು ಬೊಗಸೆ ತುಂಬಿ, ಬಿಳೀ ಪಂಚೆಯ ಮೇಲೆಲ್ಲ ಹರಿಯಿತು. ಗೋಪಾಲಪ್ಪನ ಮುಖ ಕಪ್ಪಿಟ್ಟಿತು. “ಯಾವ್ ಸೂಳೇಮುಂಡೆ ಕೆಲ್ಸ ಇದು?” ಅಂತ ಹಲ್ಲು ಕಡಿದ.

ಅಧ್ಯಕ್ಷರು ಮೂವತ್ತು ವರ್ಷ ರಾಜಕೀಯ ಮಾಡಿದವರು, ಇಷ್ಟಕ್ಕೆಲ್ಲ ಕಂಗೆಡುವವರಲ್ಲ. “ಪೈಪ್ ತುಕ್ಕು ಹಿಡಿದಿದೆ, ಸ್ವಲ್ಪ ಹೊತ್ತು ಬಿಡ್ರೀ,” ಅಂದರು. ಬಿಟ್ಟರು. ಹಳದಿ ಇನ್ನೂ ಗಟ್ಟಿಯಾಯಿತು. ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಶಿವಶಂಕರ್ ಕಡೆ ತಿರುಗಿದರು.

“ಲ್ಯಾಬ್ ರಿಪೋರ್ಟ್ ಇದೆ ತಾನೇ? ಅದು ವಿಜ್ಞಾನ. ಒಂದಿನ ಕಣ್ಣಿಗೆ ಕಂಡಿದ್ದನ್ನೆಲ್ಲ ವರದೀಲಿ ಬರೆಯೋಕಾಗುತ್ತೇನ್ರೀ? ಹದಿನೇಳು ನೀವೇ ಮುಂದೆ ನಿಂತು ಹಿಡಿದಿದ್ದು ಹೌದೋ ಅಲ್ವೋ?”

ವಠಾರವೆಲ್ಲ ಶಿವಶಂಕರ್‌ನನ್ನು ನೋಡಿತು. ಮರಿಯಮ್ಮನೂ ನೋಡಿದಳು. ಹೇಳಪ್ಪಾ, ಒಂದೇ ಒಂದು ಮಾತು ಹೇಳು ಅಂತ ಅವಳ ಜೀವವೆಲ್ಲ ಕಣ್ಣಿಗೆ ಬಂದು ನಿಂತಿತ್ತು.

“ಹೌದು ಸಾರ್,” ಅಂದ ಶಿವಶಂಕರ್. “ನಾನೇ ಹಿಡಿದಿದ್ದು.”

“ಆಯ್ತಲ್ಲ, ಇನ್ನೇನು? ನಡೀರಿ.”

ಮರಿಯಮ್ಮ ಅವರು ಸಾಗುವ ಮೊದಲೇ ನುಗ್ಗಿದಳು. ಶಿವಶಂಕರ್ ಎದೆಯಿಂದ ಫೈಲು ಕಿತ್ತುಕೊಂಡಳು. ಯಾರೋ “ಏಯ್, ಸರ್ಕಾರಿ ಫೈಲು!” ಅಂತ ಕಿರುಚಿದರು. ಅವಳು ತನ್ನ ಹೆಸರಿನ ಹಾಳೆ ತೆರೆದು, ಫೈಲನ್ನು ಹಾಗೇ ಅಂಗಾತ ಹಿಡಿದು, ಸುರಿಯುತ್ತಿದ್ದ ನಲ್ಲಿಯ ಕೆಳಗಿಟ್ಟಳು. ಹಾಳೆ ಹಳದಿಯಾಯಿತು. ಹೊಲಿಗೆಯ ಸಂದಿಯಿಂದ ನೀರು ಕೆಳಗಿನ ಹಾಳೆಗಿಳಿಯಿತು, ಅದರ ಕೆಳಗಿನದಕ್ಕೂ ಇಳಿಯಿತು. ಗೋಪಾಲಪ್ಪ ಅವಳ ಜುಟ್ಟು ಹಿಡಿದು ಎಳೆದ. ಅವಳು ಕೈ ಅಲುಗಿಸಲಿಲ್ಲ. ಪೂರ್ತಿ ನೆನೆದ ಮೇಲೆ ಫೈಲು ಮುಚ್ಚಿ ಶಿವಶಂಕರ್ ಕೈಗೆ ತುರುಕಿದಳು.

“ತಗಳಪ್ಪಾ. ಈಗ ನಿನ್ ಕಣ್ ಮುಂದೇನೇ ಇಡ್ದು ಕೊಟ್ಟಿವ್ನಿ. ನಿನ್ ಸೌಧದಾಗೆ ಕುಂತ್ಕಂಡು ಎಲ್ರೂ ಒಂದೊಂದ್ ಆಳೆ ನೆಕ್ಕಿ ನೋಡ್ರೋ, ಬೋಳಿಮಕ್ಳಾ!”

“ಆ ಹಾಳೆ ಕಿತ್ತು ಬಿಸಾಕ್ರೀ,” ಅಂದರು ಅಧ್ಯಕ್ಷರು. ಶಿವಶಂಕರ್ ಅಲ್ಲಾಡಲಿಲ್ಲ. ಫೈಲಿನಿಂದ ಹಳದಿ ನೀರು ಅವನ ಅಂಗಿಯ ಮೇಲೆ, ಪ್ಯಾಂಟಿನ ಮೇಲೆ, ಶೂ ಮೇಲೆ ಸುರಿಯುತ್ತಿತ್ತು.

ಇಬ್ಬರು ಪೊಲೀಸರು ಮರಿಯಮ್ಮನ ರಟ್ಟೆ ಹಿಡಿದು ಹಲಗೆಯ ಮೇಲೆ ದರದರ ಎಳೆದುಕೊಂಡು ಹೋಗಿ ಜೀಪಿನ ಹಿಂದೆ ಹತ್ತಿಸಿದರು. ಬಾಗಿಲು ಹಾಕಲು ಹೋದಾಗ ಶ್ಯಾಮಲಾ ಮಗುವನ್ನು ಎತ್ತಿಕೊಂಡು ಬಂದು, ಪೊಲೀಸಿನವನ ಕೈ ತಳ್ಳಿ, ಒಳಗೆ ಹತ್ತಿ ಮರಿಯಮ್ಮನ ಪಕ್ಕ ಕೂತಳು.

“ಏಯ್, ನಿನ್ನನ್ನ ಯಾರೇ ಕರೆದಿದ್ದು? ಇಳಿ ಕೆಳಗೆ!”

“ನಾನೂ ನೆನೆಸ್ದೆ ಫೈಲ್ನ. ಬರ್ಕೋ,” ಅಂದಳು ಶ್ಯಾಮಲಾ.

ಅವಳ ಹಿಂದೆ ಇನ್ನೊಬ್ಬಳು ಹತ್ತಿದಳು. ಅವಳ ಹಿಂದೆ ಮತ್ತೊಬ್ಬಳು, ಕೈಯಲ್ಲಿ ಒದ್ದೆ ಬಕೆಟ್ಟು ಸಮೇತ. ಡ್ರೈವರ್ ಹಾರನ್ ಹೊಡೆಯುತ್ತಿದ್ದ, ಪೊಲೀಸರು ಲಾಠಿಯಲ್ಲಿ ಬೆನ್ನಿಗೆ ತಿವಿಯುತ್ತಿದ್ದರು. ಜೀಪಿನಲ್ಲಿ ಎಂಟು ಜನಕ್ಕೆ ಮಾತ್ರ ಜಾಗ ಇತ್ತು. ಹದಿನಾರು ಜನ ಹತ್ತಿಯಾಗಿತ್ತು, ಇನ್ನೂ ಹತ್ತುತ್ತಿದ್ದರು.